ನನ್ನ ಸಮಾಧಿ ಕಲ್ಲಿನ ಮೇಲಿರುವ 19 ಅನ್ನು ಅಳಿಸುವ ಬಗ್ಗೆ

ಟಿಲ್ಲರ್ಸ್ ಬೆಂಡ್, ಅಯೋವಾ
ಜೂನ್ 14, 2024

ಇಂದ:
ವರ್ನಾ ಟೋರ್ಗರ್ಸನ್ (ವಯಸ್ಸು 95, ಜೀವಂತ)
ನಿವೃತ್ತ ಶಾಲಾ ಶಿಕ್ಷಕಿ

ಗೆ:
ಶ್ರೀ ಡೆಲ್ಬರ್ಟ್ ಕ್ಲೂಂಡ್
ಮಾನ್ಯ ಅಧ್ಯಕ್ಷರು, ಊರ ಸ್ಮಶಾನ ಸಮಿತಿ

ವಿಷಯ: ನಿಗದಿತ ಶತಮಾನದೊಳಗೆ ಸಾಯಲು ತಪ್ಪಿದ್ದರಿಂದ ಉಂಟಾದ ತೊಂದರೆ ಕುರಿತು.

ಉಲ್ಲೇಖ: ಕಳೆದ ಮಂಗಳವಾರ ಹೋಟೆಲಿನಲ್ಲಿ ತಾವು ಬಾಯಿತುಂಬ ತಿಂಡಿ ಇಟ್ಟುಕೊಂಡು ನೀಡಿದ ಮೌಖಿಕ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. 1979ರಲ್ಲಿ ನನ್ನ ಪತಿ ಆರ್ಲೋ ನಮ್ಮಿಬ್ಬರಿಗೂ ಸೇರಿ ಒಂದೇ ಸಮಾಧಿ ಕಲ್ಲು ಮಾಡಿಸಿದರು. ಹೆಸರು, ಹುಟ್ಟಿದ ವರ್ಷ ಕೆತ್ತಿದ ಮೇಲೆ, ಸಾಯುವ ವರ್ಷದ ಮೊದಲೆರಡು ಅಂಕಿಗಳಾದ 19 ಅನ್ನು ಈಗಲೇ ಪುಕ್ಕಟೆ ಕೆತ್ತಿಕೊಡುತ್ತೇನೆಂದು ಕಲ್ಲುಕುಟಿಗ ಹೇಳಿದ. ಪುಕ್ಕಟೆ ಎಂದರೆ ಆರ್ಲೋ ಪಕ್ಕದ ಮನೆಯವರ ಕೆಮ್ಮಿನ ಔಷಧಿಯನ್ನೂ ಕುಡಿಯುವವರು. "ಇನ್ನೂ ಇಪ್ಪತ್ತೊಂದು ವರ್ಷ ಐತಲ್ಲೇ, ಅಷ್ಟರೊಳಗೆ ಇಬ್ಬರೂ ಹೋಗಿರ್ತೀವಿ ಬಿಡು" ಎಂದರು. ಆಡಿದ ಮಾತಿಗೆ ತಪ್ಪದೆ 1988ರಲ್ಲಿ ಅವರು ಹೋದರು. ನಾನು ಹೋಗಲಿಲ್ಲ.

2. ಆ ಕಾರಣ, 2000ನೇ ಇಸವಿ ಜನವರಿ ಒಂದರಂದು ಬೆಳಿಗ್ಗೆ ಎದ್ದಾಗ ನಾನು ನನ್ನ ಕಲ್ಲಿಗೆ ಹೊಂದದವಳಾದೆ. ಮರುವರ್ಷ ಸಮಿತಿಯವರು ಆ ಅಂಕಿಗಳು ಮುಚ್ಚುವಂತೆ ಅಂಟು ಮೆತ್ತಿಸಿದರು. ಮೊದಲ ಹಿಮಕ್ಕೇ 9ರ ಅಂಟು ಉದುರಿತು, 1ರದ್ದು ಉದುರಲಿಲ್ಲ. ಆ ಚಳಿಗಾಲ ಪೂರ್ತಿ ನಾನು ಕ್ರಿಸ್ತಶಕ ಒಂಬತ್ತರಲ್ಲಿ ಸತ್ತವಳಾಗಿದ್ದೆ. ಈಗ ಎರಡೂ ಬಯಲಾಗಿವೆ.

3. ಈ ಮಧ್ಯೆ ಊರ ಇತಿಹಾಸ ಸಂಘದ ಅಧ್ಯಕ್ಷೆ ಮಾರ್ಲಿಸ್ ಆಲ್ಡಿಂಗರ್ ನನ್ನ ಕಲ್ಲನ್ನು "ನಮ್ಮೂರ ವಿಚಿತ್ರಗಳು" ಪಟ್ಟಿಗೆ ಸೇರಿಸಿದ್ದಾಳೆ. ಹುಲ್ಲು ತುಂಬಿಟ್ಟ ಎರಡು ತಲೆಯ ಕರು ಮೊದಲನೆಯದು, ಸುಂಟರಗಾಳಿಗೆ ಮರದೊಳಗೆ ನೆಟ್ಟುಕೊಂಡ ಫೋರ್ಕ್ ಎರಡನೆಯದು, ನಾನು ಮೂರನೆಯವಳು. ಪಟ್ಟಿಯಲ್ಲಿರುವುದನ್ನು ಯಾರೂ ತಿದ್ದುವಂತಿಲ್ಲವಂತೆ. ಹೂವಿಡಲು ಹೋದರೆ ನೋಡಲು ಬಂದವರು ಫೋಟೋಗೆ ಅಡ್ಡ ಬರಬೇಡಿ ಅಜ್ಜಿ ಎಂದು ನನ್ನನ್ನೇ ಪಕ್ಕಕ್ಕೆ ಸರಿಸುತ್ತಾರೆ.

4. ಈ ಬಗ್ಗೆ ಮಂಗಳವಾರ ಕೇಳಿದಾಗ ತಾವು, "ಅಲ್ಲ ಮೇಡಂ, 19ರ ಮುಂದೆ 99 ಅಂತ ಕೆತ್ತಿಸಿಬಿಡೋಣ. ಖಾಲಿ ಜಾಗ ತುಂಬಿದ್ರೆ ತಿದ್ದಿದಂಗಲ್ಲ. ಯಾರು ಕೂತು ಲೆಕ್ಕ ಹಾಕ್ತಾರೆ?" ಎಂದಿರಿ. ಎರಡನೇ ತರಗತಿಯಲ್ಲಿ ತಮಗೆ ಕಳೆಯುವ ಲೆಕ್ಕ ಹೇಳಿಕೊಟ್ಟವಳು ನಾನೇ ಆದ್ದರಿಂದ, ತಾವು ಹಾಕುವುದಿಲ್ಲವೆಂದು ಬಲ್ಲೆ. ನಾನು ಹಾಕಿದ್ದೇನೆ. 1999ರ ನಂತರ ಕೌಂಟಿ ಮೇಳದ ಅಡುಗೆ ಸ್ಪರ್ಧೆಯಲ್ಲಿ ರುಬಾರ್ಬ್ ದಂಟಿನ ಸಿಹಿ ಪೈಗೆ ನನಗೆ ಒಂಬತ್ತು ಬಾರಿ ಮೊದಲ ಬಹುಮಾನ ಬಂದಿದೆ. ಸತ್ತವಳು ಪೈ ಮಾಡಲಾರಳು. ಆದ್ದರಿಂದ ಬಹುಮಾನದ ಒಂಬತ್ತು ನೀಲಿ ರಿಬ್ಬನ್ನುಗಳೂ ಎರಡನೇ ಸ್ಥಾನದವರಿಗೆ ಹೋಗಬೇಕಾಗುತ್ತದೆ. ಒಂಬತ್ತು ಬಾರಿಯೂ ಎರಡನೆಯವಳು ಮಾರ್ಲಿಸ್. ಆಕೆಯ ಪೈ ತಳದಲ್ಲಿ ಬೆಂದಿರುವುದಿಲ್ಲ ಎಂಬುದು ಈ ಅರ್ಜಿಗೆ ಸಂಬಂಧಪಟ್ಟ ವಿಷಯವಲ್ಲ.

5. ಹಾಗೆಂದು ನನಗೆ ಬೇರೆ ಕಲ್ಲು ಬೇಡ. ಆರ್ಲೋ ಪಕ್ಕದಲ್ಲೇ ಮಲಗಬೇಕು. ಅವರಿಲ್ಲದ ಈ ಮೂವತ್ತಾರು ವರ್ಷ ನನಗೆ ಬಹಳ ಬೇಜಾರಾಗಿದೆ. ಅವರಿಗೆಂದು ಊರ ಸುದ್ದಿಯನ್ನೆಲ್ಲ ಕೂಡಿಟ್ಟುಕೊಂಡಿದ್ದೇನೆ. ಹೇಳತೊಡಗಿದಾಗ, ತೊಂಬತ್ತೊಂಬತ್ತರಲ್ಲೇ ಸತ್ತವಳಿಗೆ ಇದೆಲ್ಲ ಹೇಗೆ ಗೊತ್ತೆಂದು ಅವರು ಕಲ್ಲು ತೋರಿಸಿ ಕೇಳಿದರೆ ನಾನೇನು ಹೇಳಲಿ?

ಆದ್ದರಿಂದ ನನ್ನ ಕಲ್ಲನ್ನು ಪಟ್ಟಿಯಿಂದ ಕೈಬಿಟ್ಟು 19 ಅನ್ನು ಅಳಿಸಲು ಅಪ್ಪಣೆ ಕೊಡಬೇಕು. ತಪ್ಪಿದಲ್ಲಿ, ಅಪ್ಪಣೆಯಾಗುವವರೆಗೆ ನಾನು ಸಾಯತಕ್ಕದ್ದಲ್ಲವೆಂದು ಸಮಿತಿಯ ಮೊಹರಿನೊಂದಿಗೆ ಲಿಖಿತ ಆದೇಶ ಹೊರಡಿಸಬೇಕು. ಪಾಲಿಸಲು ಬದ್ಧಳಾಗಿದ್ದೇನೆ.

ತಮ್ಮ ವಿಶ್ವಾಸಿ ಹಾಗೂ ಮಾಜಿ ಮೇಡಂ,
ವರ್ನಾ ಟೋರ್ಗರ್ಸನ್

ಲಗತ್ತುಗಳು:
1. ಜನನ ಪ್ರಮಾಣಪತ್ರ.
2. ನೀಲಿ ರಿಬ್ಬನ್, ಒಂಬತ್ತು (ನೋಡಿ ಹಿಂದಿರುಗಿಸತಕ್ಕದ್ದು, ಮಾರ್ಲಿಸ್ ಕೈಗೆ ಕೊಡತಕ್ಕದ್ದಲ್ಲ).
3. ರುಬಾರ್ಬ್ ಪೈ, ಒಂದು. ಇಂದು ಬೆಳಿಗ್ಗೆ ಮಾಡಿದ್ದು, ಜೀವಂತವಿರುವುದಕ್ಕೆ ಪುರಾವೆ.

ವಿ.ಸೂ.: 19 ಅಳಿಸಿದ ಜಾಗದಲ್ಲಿ 20 ಎಂದು ಈಗಲೇ ಕೆತ್ತಿಸಬಾರದಾಗಿ ವಿನಂತಿ. ಮತ್ತೊಮ್ಮೆ ಅರ್ಜಿ ಬರೆಯಲು ನನಗೆ ಪುರುಸೊತ್ತಿರುವುದಿಲ್ಲ.