ರೈಫಲ್ ಒಪ್ಪಿಸಲು ಹೊರಟ ಚಂದ್ರನ್

ರೈಫಲ್ ಇದ್ದವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬಾಯಿ ಮುಚ್ಚಿಕೊಂಡಿರಬೇಕು. ಚಂದ್ರನ್‌ಗೆ ಅಷ್ಟು ಬುದ್ಧಿ ಇರಲಿಲ್ಲ. ಬೆಳಿಗ್ಗೆ ಇಡೀ ಹಟ್ಟಿ ಹಲ್ಲುಜ್ಜುತ್ತ ಹೊರಗೆ ನಿಂತಿರುವ ಹೊತ್ತು ನೋಡಿ, ಜಗಲಿಯಲ್ಲಿ ಚಾಪೆ ಹಾಸಿ, ಅದನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದ. ಹಸುಗೂಸಿಗೆ ನೀರೆರೆಯುವ ಅಜ್ಜಿಯಂತೆ ತುದಿಯಿಂದ ಬುಡದವರೆಗೆ ಎಣ್ಣೆ ನೀವುತ್ತಿದ್ದ. ಹೆತ್ತ ಮಕ್ಕಳ ಮೂಗು ಸೋರಿದಾಗ ಒಮ್ಮೆಯೂ ಒರೆಸದ ಕೈ ಅದು.

ಎಣ್ಣೆಯಾದ ಮೇಲೆ ಅವನ ಪರಮಾನಂದ ಶುರು. ನಳಿಕೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ‘ಛಕ್-ಛಕ್’. ಹಾಗೆ ಪಂಪ್ ಮಾಡಿದಾಗಲೆಲ್ಲ ಒಂದೊಂದು ಗುಂಡು ಏರುವ ಸಣ್ಣ ರೈಫಲ್ ಅದು. ಊರು ಬಿಟ್ಟು ಹೋದ ಎಸ್ಟೇಟ್ ಮ್ಯಾನೇಜರರಿಂದ ಕೊಂಡದ್ದು. ಗುಂಡು ಹಾಕದೆ ಛಕ್-ಛಕ್ ಮಾಡುವುದಷ್ಟೇ ಚಂದ್ರನ್‌ನ ಶಿಕಾರಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ಗಂಡ ಇದುವರೆಗೆ ಒಂದು ಗುಂಡನ್ನೂ ಹಾರಿಸಿಲ್ಲ ಎಂಬುದು ಹೆಂಡತಿ ತಂಗಮಣಿಗೆ ಮಾತ್ರ ಗೊತ್ತು. ಊರಿಗೆ ಅವನು ಹೇಳುತ್ತಿದ್ದದ್ದು ಚಿರತೆಗಳ ಕತೆ.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಪೊನ್ನಮ್ಮ ಮಣ್ಣಿನ ಕಾಲಲ್ಲೇ ಜಗಲಿ ಹತ್ತಿದಳು.

“ಚಂದ್ರಾ, ಹಂದಿ ಬಂದು ನನ್ನ ಆಲೂಗಡ್ಡೆ ಹೊಲ ಉತ್ತು ಹೋಗಿದೆ. ನಿನ್ನ ಛಕ್-ಛಕ್ ಇಲ್ಲಿ ನಮ್ಮ ಕಿವಿಗೆ ಯಾಕಪ್ಪಾ? ಅಲ್ಲಿ ಬಂದು ಹಂದಿ ಕಿವಿಗೆ ಮಾಡು.”

“ಅತ್ತಿಗೆ, ಹಂದಿ ಹೊಡೆಯೋ ಹಾಗಿಲ್ಲೆ. ಫಾರೆಸ್ಟಿನವರು ಹಿಡಿದು ಹಾಕ್ತಾರೆ.”

“ಹಂದಿಗೆ ಹೊಡಿ ಅಂದವರು ಯಾರು? ಆಕಾಶಕ್ಕೆ ಹೊಡಿ. ಆಕಾಶಕ್ಕೇನು ಫಾರೆಸ್ಟಾ?”

ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಹಟ್ಟಿಯ ಹಿರಿಯರು ಪಂಚಾಯ್ತಿ ಸೇರುವ ಹುಲ್ಲುಮಾಳದಲ್ಲಿ ಕೂತರು. ಹಟ್ಟಿಯ ಗಂಡಸರೆಲ್ಲ ಒಂದೇ ಕುಲದ ಅಣ್ಣತಮ್ಮಂದಿರು. ಅಲ್ಲಿ ಕೂತು ಹೇಳಿದ ಮಾತಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಇಂದು ಸಂಜೆಯಿಂದ, ಗಡ್ಡೆ ಕೀಳುವವರೆಗೆ, ಹೊಲದ ಗುಡಿಸಲಲ್ಲಿ ಚಂದ್ರನ್ ಕಾವಲು ಎಂದು ತೀರ್ಮಾನವಾಯಿತು.

“ಹಂದಿ ಏನು, ಆನೆ ಬರಲಿ!” ಎಂದು ಎದೆ ಸೆಟೆಸಿ ಮನೆಗೆ ಬಂದವನು ಕಂಬಳಿ ಹೊದ್ದು ಮಲಗಿಬಿಟ್ಟ.

ಮಧ್ಯಾಹ್ನ ಟೀವಿಯಲ್ಲಿ ದೇವರು ಮಾತಾಡಿದ. ಚುನಾವಣೆ ಬಂದಿದೆ, ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ವಾರದೊಳಗೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು!

ಚಂದ್ರನ್ ಕಂಬಳಿ ಎಸೆದು ಎದ್ದ. ಹೊಸಿಲು ದಾಟುವಷ್ಟರಲ್ಲಿ ಸಾವಿನ ಮನೆಯ ಮುಖ ಮಾಡಿಕೊಂಡಿದ್ದ.

“ಎಲ್ಲ ಮುಗೀತು. ಈಗಲೇ ಒಪ್ಪಿಸಬೇಕು.”

“ಇನ್ನೂ ವಾರ ಇದೆಯಲ್ಲಣ್ಣಾ,” ಎಂದ ಚಿಕ್ಕಪ್ಪನ ಮಗ ಸೆಂಥಿಲ್. “ನಾಲ್ಕು ದಿನ ಹಂದಿ ಓಡಿಸಿ ಕೊಡು.”

“ಕಾನೂನು ಕಾನೂನೇ ತಮ್ಮಾ. ನಾನು ಸಾಯೋದಾದ್ರೂ ಸಾಯ್ತೀನಿ, ತಪ್ಪು ದಾರಿ ತುಳಿಯೋನಲ್ಲ.” ಅಷ್ಟು ಹೇಳಿ ಮುಖ ತಿರುಗಿಸಿ ಕಣ್ಣು ಬೇರೆ ಒರೆಸಿಕೊಂಡ. ಮಗು ಸ್ಕೂಲಿಗೆ ಚಕ್ಕರ್ ಹಾಕಲು ಹೊಟ್ಟೆನೋವು ಎನ್ನುತ್ತದಲ್ಲ, ಥೇಟ್ ಹಾಗೆ. ತಂಗಮಣಿ ಒಳಗೆ ಪಾತ್ರೆ ಕುಕ್ಕಿದಳು. ಹೊರಗಿನ ಪೆದ್ದರು ಕರಗಿ ನೀರಾದರು.

“ಪಾಪ, ಎಷ್ಟು ಆಸೆಯಿತ್ತೋ ಕಾವಲಿಗೆ ಹೋಗೋಕೆ,” ಎಂದು ಪೊನ್ನಮ್ಮ ಸೆರಗು ಕಣ್ಣಿಗೊತ್ತಿದಳು.

ಬಸ್ಸು ಬಂತು. ಕಂಡಕ್ಟರ್ ರೈಫಲ್ ನೋಡಿ ಬಾಗಿಲಿಗೆ ಅಡ್ಡ ನಿಂತ. “ಅಯ್ಯೋ, ತುಪ್ಪಾಕಿಯಾ? ಇಳಿ, ಇಳಿ! ಅದು ಹತ್ತಿದ್ರೆ ನಾನು ಇಳೀತೀನಿ!”

ಚಂದ್ರನ್ ರೈಫಲನ್ನು ಮೇಲುಹೊದಿಕೆಯಲ್ಲಿ ಸುತ್ತಿ, ಮೇಟ್ಟುಪಾಳ್ಯಂ ಮಂಡಿಗೆ ಹೊರಟಿದ್ದ ಕ್ಯಾರೆಟ್ ಲಾರಿಯ ಮೂಟೆಗಳ ಮೇಲೆ ಹತ್ತಿ ಕೂತ. ಪ್ರತಿ ತಿರುವಿನಲ್ಲೂ ಒಮ್ಮೆ ಕ್ಯಾರೆಟ್ಟನ್ನು, ಒಮ್ಮೆ ರೈಫಲನ್ನು ತಬ್ಬಿಕೊಂಡ. ಲಾರಿ ಮೂಟೆ ಹೇರಲು ನಿಂತಲ್ಲೆಲ್ಲ ಹೆಂಗಸರು ಕತ್ತೆತ್ತಿ ಕೇಳಿದರು: “ಅಣ್ಣಾ, ಯಾವ ಮದುವೆಗೆ ಓಲಗ ಊದೋಕೆ ಹೊರಟಿರಿ?”

ಅಷ್ಟು ಅವಮಾನವನ್ನೂ ನಗುತ್ತಲೇ ನುಂಗಿದ. ಹೊತ್ತು ಇಳಿಯುವುದರೊಳಗೆ ರೈಫಲ್ ಕೈಬಿಟ್ಟರೆ ಸಾಕು; ಚುನಾವಣೆ ಮುಗಿಯುವಷ್ಟರಲ್ಲಿ ಗಡ್ಡೆ ಕಿತ್ತಾಗಿರುತ್ತದೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಇರಲಿಲ್ಲ. “ಅವರು ಬರದೆ ತಗೊಳ್ಳಲ್ಲ,” ಎಂದ ಕಾನ್‌ಸ್ಟೇಬಲ್. ಚಂದ್ರನ್ ಬೆಂಚಿನ ತುದಿಯಲ್ಲಿ ಕೂತು ಕಿಟಕಿಯ ಬಿಸಿಲು ಜಾರುವುದನ್ನೇ ನೋಡಿದ. ಯಾರ್‍ಯಾರೋ ಬಂದರು, ತಮ್ಮ ಬಂದೂಕುಗಳನ್ನು ಮೂಲೆಯಲ್ಲಿ ಒರಗಿಸಿದರು, ಅವರೂ ಕಾದರು. ಕೊನೆಗೆ ಜೀಪ್ ಸದ್ದಾಯಿತು. ಇನ್ಸ್‌ಪೆಕ್ಟರ್ ಒಳಗೆ ಬಂದದ್ದೇ ಎಲ್ಲರಿಗಿಂತ ಮೊದಲು ಚಂದ್ರನ್ ಎದ್ದು, ಮಗಳನ್ನು ಧಾರೆಯೆರೆಯುವ ಅಪ್ಪನಂತೆ ರೈಫಲನ್ನು ಮೇಜಿನ ಮೇಲಿಟ್ಟ.

“ನಾನು ಚಂದ್ರನ್, ಸಾರ್.”

“ಓ, ನೀವೇನಾ? ಈಗ ನಿಮ್ಮ ವಿಷಯವೇ ಮಾತಾಡಿ ಬಂದೆ!” ಇನ್ಸ್‌ಪೆಕ್ಟರ್ ಅವನ ಬೆನ್ನು ತಟ್ಟಿದರು. “ನಿಮ್ಮ ಹಟ್ಟಿಯ ಹಿರಿಯರು ಜೀಪ್ ಮಾಡಿಕೊಂಡು ನಮ್ಮ ದೊಡ್ಡ ಸಾಹೇಬರ ಮನೆಗೇ ಹೋಗಿಬಿಟ್ಟಿದ್ದರು. ‘ನಮ್ಮ ಚಂದ್ರನ್ ಕಾವಲಿಗೆ ಹೋಗೋಕೆ ತುದಿಗಾಲಲ್ಲಿದ್ದ, ಕಾನೂನಿಗೆ ತಲೆಬಾಗಿ ಅಳುತ್ತ ಹೋದ’ ಅಂದರು. ಸಾಹೇಬರ ಕಣ್ಣಲ್ಲೇ ನೀರು! ನಿಮ್ಮ ಲೈಸೆನ್ಸು ಬೆಳೆ ಕಾವಲಿಗೇ ಅಲ್ವಾ? ನಿಮ್ಮೊಬ್ಬರಿಗೆ ವಿನಾಯಿತಿ ಕೊಟ್ಟಿದ್ದಾರೆ.”

ಅರ್ಜಿ ಹಾಕುವಾಗ ಬೇರೆ ಕಾರಣ ತೋಚದೆ ‘ಬೆಳೆ ಕಾವಲಿಗೆ’ ಎಂದು ಹೇಳಿದ್ದು ಚಂದ್ರನ್ನೇ.

“ಸಾರ್, ಬೇಡ ಸಾರ್. ಎಲ್ಲರಿಗೂ ಒಂದೇ ಕಾನೂನು...”

“ಇಂಥ ಮನುಷ್ಯರು ಸಿಗಲ್ಲ ಕಣ್ರೀ,” ಎಂದು ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹೇಳಿ, ರೈಫಲನ್ನು ಚಂದ್ರನ್‌ನ ಕೈಗೇ ಇಟ್ಟರು. “ಇನ್ನೊಂದು ಮಾತು. ಸುತ್ತಲ ಹಟ್ಟಿಗಳ ಬಂದೂಕೆಲ್ಲ ಈಗ ಇಲ್ಲಿ ಮೂಲೆ ಸೇರಿವೆ. ಆ ಹೊಲಗಳನ್ನೂ ನೀವೇ ನೋಡಿಕೊಳ್ತೀರಿ ಅಂತ ನಿಮ್ಮ ಹಿರಿಯರು ಮಾತು ಕೊಟ್ಟಿದ್ದಾರೆ.”

ಕಾದು ಕೂತಿದ್ದ ಬಂದೂಕಿನ ಧಣಿಗಳು ಒಬ್ಬೊಬ್ಬರೇ ಬಂದು ಚಂದ್ರನ್‌ನ ಕೈಕುಲುಕಿದರು. ಇತ್ತಲಾರ್ ಹಟ್ಟಿಯವನೊಬ್ಬ ತನ್ನ ಹೊಲಕ್ಕೆ ಬರುವ ದಾರಿಯನ್ನೂ ವಿವರಿಸಿದ.

ಹೊರಗೆ ಹಟ್ಟಿಯ ಜೀಪ್ ಕಾಯುತ್ತಿತ್ತು. ಹಿಂದಿನ ಸೀಟಿನಲ್ಲಿ ಹಿರಿಯರಿಬ್ಬರ ನಡುವೆ ಅವನಿಗೆಂದೇ ಜಾಗ ಬಿಟ್ಟಿದ್ದರು. ಮುಂದೆ ಕೂತಿದ್ದ ಪೊನ್ನಮ್ಮ ತಂಗಮಣಿ ಕೊಟ್ಟುಕಳಿಸಿದ ಸ್ವೆಟರನ್ನೂ ಮಂಕಿ ಕ್ಯಾಪನ್ನೂ ಅವನ ಕೈಗೆ ತುರುಕಿದಳು.

“ಬೇಗ ಹತ್ತು ಚಂದ್ರಾ, ಹಂದಿ ಇಳಿಯೋ ಹೊತ್ತಾಯ್ತು.”