ಒಂದಕ್ಕೆ ಜೋರು, ಐದಕ್ಕೆ ಮೆಲ್ಲಗೆ

ನನ್ನ ಮೈದುನ ರಿಪೇರಿ ಮಾಡಿದ ಯಾವ ಸಾಮಾನೂ ಇವತ್ತಿನವರೆಗೆ ಕೆಟ್ಟು ನಿಂತಿಲ್ಲ. ಎಲ್ಲವೂ ನಡೆಯುತ್ತವೆ. ಉಲ್ಟಾ ನಡೆಯುತ್ತವೆ, ಅಷ್ಟೇ.

ನಮ್ಮ ಹೊರಗಿನ ಕೋಣೆಯ ಫ್ಯಾನನ್ನೇ ನೋಡಿ. ರೆಗ್ಯುಲೇಟರ್ ಒಂದಕ್ಕೆ ಇಟ್ಟರೆ ಬಿರುಗಾಳಿ, ಐದಕ್ಕೆ ಇಟ್ಟರೆ ನೊಣವೂ ಹಾರುವುದಿಲ್ಲ. ಅದನ್ನು ಕೂಡಿಸಿದ ದಿನ ಅವನು ಕೈ ಝಾಡಿಸಿಕೊಂಡು, "ಮಸ್ತ್ ಆತು ವೈನಿ. ನೀವು ಬರೇ ನೆನಪಿಟ್ಕೋರಿ, ಒಂದಕ್ಕ ಜೋರು, ಐದಕ್ಕ ಮೆಲ್ಲಕ" ಎಂದ. ನಾವು ನೆನಪಿಟ್ಟುಕೊಂಡೆವು. ಬಂದ ನೆಂಟರಿಗೆ ಹೇಗೆ ಗೊತ್ತಾಗಬೇಕು? ಸೆಖೆಯೆಂದು ತಾವೇ ಎದ್ದು ಐದಕ್ಕೆ ತಿರುಗಿಸಿ, ಬೆವರುತ್ತ ಕೂತು, ಬೇಗ ಎದ್ದು ಹೋಗುತ್ತಾರೆ. ಅದೂ ಒಂದು ಉಪಕಾರವೇ ಅನ್ನಿ.

ಅದಕ್ಕೂ ಮೊದಲು ನಾವು ಪರೇಲದ ಚಾಳಿನಿಂದ ಮುಲುಂಡಿನ ಈ ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ಬಾಗಿಲ ಬೆಲ್ ಹಾಕಿಕೊಟ್ಟಿದ್ದ. ಒತ್ತಿದರೆ ಬೆಲ್ ಆಗುತ್ತಿರಲಿಲ್ಲ, ಬಚ್ಚಲ ದೀಪ ಆರುತ್ತಿತ್ತು. ಸ್ನಾನಕ್ಕೆ ಕೂತವರು ಒಳಗಿನಿಂದ, "ಯಾರೋ ಬಂದಾರ, ಬಾಗಲಾ ತಗೀರಿ" ಎಂದು ಕೂಗುತ್ತಿದ್ದರು. "ಬೆಲ್ಲಿನ ಕೆಲಸ ಆತಿಲ್ಲೋ?" ಎಂದು ನನ್ನನ್ನೇ ಕೇಳಿದ. ಸುಳ್ಳು ಹೇಗೆ ಹೇಳಲಿ, ಆಗಿತ್ತು.

ಅವನಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಿ. ಬೆಳಗಾವಿಗೆ ಕನ್ಯೆ ನೋಡಲು ನಾನೇ ಕರೆದುಕೊಂಡು ಹೋಗಿದ್ದೆ. ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಇವನು ಅವರ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಪೇಪರಿನ ಮೇಲೆ ಹರವಿಕೊಂಡು ಕೂತಿದ್ದ. ಹುಡುಗಿಯ ಕಡೆ ತಲೆಯನ್ನೂ ಎತ್ತಲಿಲ್ಲ. ಅವಳ ತಂದೆ ಸಭ್ಯ ಮನುಷ್ಯ. "ಗಡಿಯಾರ ನಡೀಲಿ, ಆಮ್ಯಾಲ ಮುಂದಿನ ಮಾತು" ಎಂದರು. ಗಡಿಯಾರ ನಡೆಯಿತು, ಹಿಂದಕ್ಕೆ. ಮುಂದಿನ ಮಾತು ಬರಲೇ ಇಲ್ಲ.

ಇಂಥವನ ಕೈಗೆ ಈ ಜನವರಿಯಲ್ಲಿ ನಾನು ಮನೆಯ ಮಶೀನು ಒಪ್ಪಿಸಿದೆ.

ಒಳಗಿನ ಕೋಣೆಯಲ್ಲಿ ಒಂದು ಬಿಸಿ-ಥಂಡಿ ಮಶೀನು ಇದೆ. ನಮಗಿಂತ ಮೊದಲು ಈ ಮನೆಯಲ್ಲಿದ್ದವರು ಯಾವುದೋ ಚಳಿ ದೇಶದಿಂದ ಬಂದವರು, ಅವರು ಹಾಕಿಸಿದ್ದು. ಥಂಡಿ ಗಾಳಿಯನ್ನೂ ಕೊಡುತ್ತದೆ, ಬಿಸಿ ಗಾಳಿಯನ್ನೂ ಕೊಡುತ್ತದೆ. ಮುಂಬಯಿಯಲ್ಲಿ ಬಿಸಿ ಗಾಳಿಗೆ ಮಶೀನು ಯಾರಿಗೆ ಬೇಕು? ಕಿಡಕಿ ತೆರೆದರೆ ಪುಕ್ಕಟೆ ಬರುತ್ತದೆ ಎಂದು ನಾವೆಲ್ಲ ನಕ್ಕಿದ್ದೆವು. ಆದರೆ ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹಡೆದಳು. ಕೂಸು ಎಂದರೆ ನನ್ನ ಅಂಗೈಯಷ್ಟು. ಬಹಳ ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಕೊನೆಗೆ ಡಾಕ್ಟರು, ಮನೆಗೆ ಕರೆದೊಯ್ಯಿರಿ, ಆದರೆ ಕೋಣೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು, ಈ ಕೂಸಿಗೆ ಥಂಡಿ ತಾಗಕೂಡದು ಎಂದರು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡೋಣ ಎಂದೆ. ಹೊಗೆ ಎಂದರೆ ಡಾಕ್ಟರು ಹೊಡೆದಾರು ಎಂದ ನನ್ನ ಮಗ.

ಸರಿ, ಮಶೀನು ಹಚ್ಚಲು ಹೋದರೆ ಗೋಡೆಯ ಮೇಲಿನ ಡಬ್ಬಿ ಸತ್ತಿತ್ತು. ಎಷ್ಟು ಬಿಸಿ ಬೇಕು, ಎಷ್ಟು ಥಂಡಿ ಬೇಕು ಎಂದು ಮಶೀನಿಗೆ ಹೇಳುವುದು ಅದೇ. ಥರ್ಮೋಸ್ಟ್ಯಾಟ್ ಎಂದು ಅದರ ಹೆಸರಂತೆ, ನಾನು ಡಬ್ಬಿ ಎನ್ನುತ್ತೇನೆ. ಒಳಗಿನ ಸೆಲ್ಲು ಸೋರಿ ಎಲ್ಲ ಹಸಿರು ಹಿಡಿದಿತ್ತು. ಮಗ ಹೊಸ ಡಬ್ಬಿ ತಂದ. ಮೆಕ್ಯಾನಿಕ್ ಬರುವುದು ಮುಂದಿನ ವಾರ ಎಂದರು. ಕೂಸು ಬರುವುದು ನಾಳೆ.

ಮೊಮ್ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದಳು. "ಅಜ್ಜಿ, ಪ್ಲೀಸ್, ಸಣ್ಣಜ್ಜಗೆ ಹಾತ್ ಹಚ್ಚಲು ಕೊಡಬೇಡ."

"ಇಲ್ಲವ್ವಾ" ಎಂದೆ. ಅಷ್ಟೊತ್ತಿಗೆ ಅವಳ ಸಣ್ಣಜ್ಜ, ಅಂದರೆ ನನ್ನ ಮೈದುನ, ಕಾಂದಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಆಗಿತ್ತು. ಕರೆದವಳು ನಾನೇ. ಬೇರೆ ಯಾರಿದ್ದರು?

ಬಂದವನೇ ಮೇನ್ ಸ್ವಿಚ್ ಬಂದ್ ಮಾಡಿದ. ಮೊದಲು ಪಕ್ಕದ ಮನೆಯದನ್ನು, ಅವರು ಕೂಗಾಡಿದ ಮೇಲೆ ನಮ್ಮದನ್ನು. ಹಳೆಯ ಡಬ್ಬಿ ಬಿಚ್ಚಿ, ಯಾವ ತಂತಿ ಯಾವ ಅಕ್ಷರದ ಕೆಳಗಿತ್ತೋ ಹೊಸದರಲ್ಲೂ ಅದೇ ಅಕ್ಷರಕ್ಕೆ ಬಿಗಿದ. ಮೇನ್ ಹಾಕಿದ. ಡಬ್ಬಿ ಕಣ್ಣೇ ಬಿಡಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ಬಿಗಿದ. ಊಹೂಂ.

"ಕಾಕಾ, ಸಾಕು ಬಿಡ್ರಿ" ಎಂದ ಮಗ. ಅವನ ಮುಖ ಸಣ್ಣಗಾಗಿತ್ತು. ಕೂಸನ್ನು ಇನ್ನೊಂದು ವಾರ ಅಲ್ಲೇ ಇಟ್ಟುಕೊಳ್ಳಿ ಎಂದು ಕೇಳಲು ಫೋನ್ ಕೈಯಲ್ಲಿ ಹಿಡಿದಿದ್ದ.

ನಾನು ಸ್ಟೂಲ್ ಹಿಡಿದು ನಿಂತಿದ್ದೆ. ಗೋಡೆಯ ತೂತಿನೊಳಗೆ ಒಂದು ತಂತಿ ಮಡಚಿಕೊಂಡು ಕೂತಿತ್ತು.

"ಇದ್ಯಾಕ ಸುಮ್ಮ ಕುಂತೈತಿ?" ಎಂದೆ.

"ಅದು ಕಾಮನ್, ವೈನಿ. ಹಳೇದಕ್ಕೂ ಯಾರೂ ಹಚ್ಚಿದ್ದಿಲ್ಲ."

ಕಾಮನ್! ಈ ಶಬ್ದ ನನಗೆ ಹೇಳಿಕೊಡಬೇಕೆ? ಚಾಳಿನಲ್ಲಿ ನಮಗೆ ಕಾಮನ್ ನಳ, ಕಾಮನ್ ಪ್ಯಾಸೇಜ್, ಕಾಮನ್ ಸಂಡಾಸ. ಪ್ಯಾಸೇಜಿನ ಬಲ್ಬು ಹೋದರೆ ಪ್ರತಿ ಮನೆಯವರೂ ಇನ್ನೊಂದು ಮನೆಯವರು ಹಾಕಲಿ ಎಂದು ಕಾಯುತ್ತ ಮಳೆಗಾಲ ಪೂರ್ತಿ ಕತ್ತಲಲ್ಲಿ ಎಡವುತ್ತಿದ್ದೆವು.

"ಕಾಮನ್ ಅಂದ್ರ ಯಾರೂ ಮುಟ್ಟಬಾರದಂತಾ?" ಎಂದೆ. "ಚಾಳಿನ ಸಂಡಾಸ ಮರತ್ಯಾ? ಅದೊಂದು ಕಟ್ಟಿದ್ರ ಎಲ್ಲಾ ಮನೀದೂ ಕಟ್ಟತಿತ್ತಲ್ಲೋ."

ಅವನು ನಗಲಿಲ್ಲ. ಹಳೆಯ ಡಬ್ಬಿಯನ್ನು ತಿರುಗಿಸಿ ನೋಡಿದ, ಹೊಸದನ್ನು ತಿರುಗಿಸಿ ನೋಡಿದ. "ಹಳೇದಕ್ಕ ಸೆಲ್ಲಿನ ಕರೆಂಟ್ ಇತ್ತು. ಇದಕ್ಕ ಸೆಲ್ಲs ಇಲ್ಲ. ಬಂದ ಕರೆಂಟ್ ವಾಪಸ್ ಹೋಗಾಕ ದಾರಿ ಬೇಕಲ್ಲ" ಎಂದು ಗೊಣಗುತ್ತ ಮೇನ್ ಬಂದ್ ಮಾಡಿ, ಆ ತಂತಿಯನ್ನು ಎಳೆದು, ತುದಿ ಸುಲಿದು, ಅದರ ಜಾಗಕ್ಕೆ ಬಿಗಿದ. ಆ ಕಡೆ ಮಶೀನಿನ ಹತ್ತಿರವೂ ಅದು ಹಾಗೇ ಬಿದ್ದಿತ್ತು, ಅಲ್ಲೂ ಬಿಗಿದ. ಮೇನ್ ಹಾಕಿದರೆ ಡಬ್ಬಿ ಕಣ್ಣು ಬಿಟ್ಟಿತು.

"ನಾ ಅದನ್ನs ಮಾಡಾಂವ ಇದ್ದೆ" ಎಂದ.

"ಹೌದಪ್ಪಾ" ಎಂದೆ.

ಬಿಸಿ ಒತ್ತಿದ. ಸ್ವಲ್ಪ ಹೊತ್ತಿಗೆ ಮಶೀನು ಗುಂಯ್ ಎಂದು ಗಾಳಿ ಬಿಟ್ಟಿತು. ಮಂಜುಗಡ್ಡೆಯಂಥ ಗಾಳಿ.

ಮಗ ನನ್ನ ಮುಖ ನೋಡಿದ, ನಾನು ಮೈದುನನ ಮುಖ ನೋಡಿದೆ. ಈಗ ಕೈ ಝಾಡಿಸಿಕೊಂಡು, "ನೆನಪಿಟ್ಕೋರಿ, ಬಿಸಿ ಬೇಕಂದ್ರ ಥಂಡಿ ಒತ್ರಿ" ಎನ್ನುತ್ತಾನೆಂದು ಕಾದೆ. ನನಗೂ ಅಷ್ಟಾದರೆ ಸಾಕು ಎನಿಸಿತ್ತು, ನಿಜ ಹೇಳುತ್ತೇನೆ.

ಅವನು ಕನ್ನಡಕ ಒರೆಸಿಕೊಂಡು ಮತ್ತೆ ಸ್ಟೂಲ್ ಹತ್ತಿದ. ಮಶೀನನ್ನು ಬಿಸಿಗೋ ಥಂಡಿಗೋ ತಿರುಗಿಸುವುದು ಕಿತ್ತಳೆ ಬಣ್ಣದ ತಂತಿಯಂತೆ. ಅದಕ್ಕೆ ಕರೆಂಟ್ ಹೋದರೆ ಬಿಸಿಯೋ ಥಂಡಿಯೋ ಎಂದು ಹೊಸ ಡಬ್ಬಿಗೆ ಮೊದಲೇ ತಿಳಿಸಿ ಇಡಬೇಕಂತೆ. ಗುಂಡಿ ಒತ್ತಿ, ಕಾದು, ಕೈ ಹಿಡಿದು ನೋಡಿ, ಮತ್ತೆ ಒತ್ತಿ, ಮಧ್ಯಾಹ್ನವೆಲ್ಲ ಅದರಲ್ಲೇ ಕಳೆದ. ಚಹಾ ಆರಿ ಕೆನೆಗಟ್ಟಿತು.

"ನಡೀತೈತಿ ಬಿಡೋ. ನೆನಪಿಟ್ಕೋತೀವಿ" ಎಂದೆ.

"ಬ್ಯಾಡ್ರಿ ವೈನಿ" ಎಂದ, ಈ ಕಡೆ ತಿರುಗದೆ. "ಹಡದಾಕಿ ನಿದ್ದಿಗಣ್ಣಾಗ ಎದ್ದು ಒತ್ತತಾಳ. ಆಕಿ ಏನೂ ನೆನಪಿಡೂದು ಬ್ಯಾಡ."

ಮರುದಿನ ಕೂಸು ಬಂತು. ಮೊಮ್ಮಗಳು ಬಾಗಿಲಲ್ಲೇ ನಿಂತು ಗೋಡೆ ನೋಡಿದಳು, ಅವನನ್ನು ನೋಡಿದಳು. "ಸಣ್ಣಜ್ಜ, ಇದರಲ್ಲಿ ಉಲ್ಟಾ ಏನಿದೆ? ಸಚ್ ಹೇಳು."

"ಏನೂ ಇಲ್ಲ."

ನಂಬಲಿಲ್ಲ ಹುಡುಗಿ. ಬಿಸಿ ಒತ್ತಿ, ಗಾಳಿಗೆ ಕೈ ಹಿಡಿದು ಬಹಳ ಹೊತ್ತು ನಿಂತಳು. ಬಿಸಿ ಗಾಳಿಯೇ ಬಂತು. ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ಉಸಿರು ಬಿಗಿಹಿಡಿದು ಕೂತ. ಎಂಥ ಮಶೀನಿನ ಮುಂದೂ ಅವನು ಹಾಗೆ ಹೆದರಿ ಕೂತದ್ದನ್ನು ನಾನು ಕಂಡಿಲ್ಲ. ಕೂಸಿನ ಬೆರಳು ಮುಟ್ಟಿ ನೋಡಿದೆ, ಬೆಚ್ಚಗಿದ್ದವು.

ಹೊರಡುವಾಗ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹೊರಗಿನ ಕೋಣೆಯ ಫ್ಯಾನಿನ ಕಡೆ ನಡೆದ. "ಬಂದದ್ದು ಬಂದೀನಿ, ಆ ರೆಗ್ಯುಲೇಟರ್ ಸೀದಾ ಮಾಡಿ ಹೋಗ್ತೀನಿ ವೈನಿ. ನಿಮಗೂ ವಯಸ್ಸಾತು."

"ಅದನ್ನ ಮುಟ್ಟಿದ್ರ ನೋಡು" ಎಂದೆ.

"ಯಾಕ್ರಿ?"

"ನೆನಪೈತಿ ನನಗ" ಎಂದು ಎದ್ದು ಹೋಗಿ ಒಂದಕ್ಕೆ ಇಟ್ಟೆ. "ಕುಂಡ್ರು. ಉಂಡು ಹೋಗೀಯಂತ."