ವಿಭೂತಿ ಹಚ್ಚಿದ ಡಿಸ್ಕು

ಈ ಪ್ರಸಂಗವನ್ನು ನಾನು ಇದುವರೆಗೆ ಕನಿಷ್ಠ ಮೂರು ಬಗೆಯಲ್ಲಿ ಹೇಳಿದ್ದೇನೆ. ತಪ್ಪು ನನ್ನದಲ್ಲ ಎಂಬುದೊಂದೇ ಮೂರಕ್ಕೂ ಸಮಾನವಾದ ಅಂಶ. ಹೀಗಾಗಿ ಅಂದು ನಿಜವಾಗಿ ನಡೆದದ್ದೇನು ಎಂದು ಯಾರಾದರೂ ಕೇಳಿದರೆ, ನನಗೇ ಸರಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ವಾಸಿ. ಇಸವಿ ಎರಡು ಸಾವಿರದ ಮೂರೋ ನಾಲ್ಕೋ. ಮಧ್ಯಾಹ್ನವಂತೂ ಹೌದು, ಏಕೆಂದರೆ ಹೊಟ್ಟೆ ತುಂಬಿತ್ತು. ಹೊಟ್ಟೆ ತುಂಬಿದಾಗಲೇ ನನಗೆ ಪರೋಪಕಾರದ ಬುದ್ಧಿ ಬರುವುದು. ಧಾರವಾಡದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ, ಯಾವುದನ್ನೂ ಪ್ರಮಾಣವಿಲ್ಲದೆ ನಂಬಬಾರದೆಂದು ಕಲಿತು ಬಂದವನು ನಾನು. ದೇವರನ್ನು, ಜ್ಯೋತಿಷಿಯನ್ನು, ಬಸ್ಸಿನ ವೇಳಾಪಟ್ಟಿಯನ್ನು, ಹೆಂಡತಿಯ ತವರಿನವರನ್ನು ಎಲ್ಲ ಸಂಶಯಿಸಿದ್ದೇನೆ. ನನ್ನನ್ನು ಸಂಶಯಿಸುವ ಪಾಠಕ್ಕೆ ಬರುವಷ್ಟರಲ್ಲಿ ಕೋರ್ಸು ಮುಗಿದಿತ್ತೆಂದು ಕಾಣುತ್ತದೆ.

ನನ್ನ ಅಕ್ಕ ನೀಲಕ್ಕ ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಪಿಎಚ್.ಡಿ. ಪ್ರಬಂಧಗಳನ್ನು ಟೈಪು ಮಾಡಿಕೊಡುತ್ತಿದ್ದಳು. ವಿಶ್ವವಿದ್ಯಾಲಯವಿರುವ ಊರಿನಲ್ಲಿ ಇದೂ ಒಂದು ಕಸುಬು. ಸಂಶೋಧಕರು ಬರೆಯುತ್ತಾರೆ, ಗೈಡುಗಳು ತಿದ್ದುತ್ತಾರೆ, ಟೈಪು ಮಾಡುವವರು ಇಬ್ಬರ ಅಕ್ಷರವನ್ನೂ ಸಹಿಸುತ್ತಾರೆ. ಆಗ ಅವಳ ಕೈಯಲ್ಲಿದ್ದದ್ದು ಮೇಟಿ ಸರ್ ಅವರ ಪ್ರಬಂಧ. ಮೇಟಿ ಸರ್ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರು; ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮೇಲೆ ಹನ್ನೊಂದು ವರ್ಷಗಳಿಂದ ಸಂಶೋಧನೆ ನಡೆಸಿದ್ದರು. ಎರಡು ಬಾರಿ ಅವಧಿ ವಿಸ್ತರಿಸಿಕೊಂಡಿದ್ದರು. ಮೂರನೆಯದು ಸಾಧ್ಯವಿಲ್ಲ ಎಂದು ಪತ್ರ ಬಂದಿತ್ತು. ಸಲ್ಲಿಸಲು ಹನ್ನೆರಡು ದಿನ ಉಳಿದಿದ್ದವು. ಕೈಬರಹದ ಪ್ರತಿ ಅವರ ಬಳಿ ಇತ್ತು. ಆದರೆ ಗೈಡು ಹೇಳಿದ ತಿದ್ದುಪಡಿಗಳನ್ನೆಲ್ಲ ಅವರು ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನೇರವಾಗಿ ಕಂಪ್ಯೂಟರಿನಲ್ಲೇ ಮಾಡಿಸಿದ್ದರು. ಆ ತಿದ್ದಿದ ಪ್ರಬಂಧ ಇದ್ದದ್ದು ಅದೊಂದರಲ್ಲೇ.

ಆ ಕಂಪ್ಯೂಟರ್ ಪುಟಕ್ಕೊಮ್ಮೆ ನಿಂತು ಯೋಚಿಸತೊಡಗಿದ್ದರಿಂದ, ಅಕ್ಕ ಎರಡನೆಯ ಹಾರ್ಡ್ ಡಿಸ್ಕ್ ಹಾಕಿಸಿದಳು. ಅಂಗಡಿಯವನು ಬಂದು ಅದನ್ನು ಕೂರಿಸಿದ್ದು ಖಂಡೇ ಪೂಜೆಯ ದಿನ; ಆಯುಧಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಕಂಪ್ಯೂಟರಿನ ಡಬ್ಬಿ ತೆರೆದೇ ಇತ್ತು. ಅಕ್ಕ ಪೂಜೆಯನ್ನೂ ಮುಗಿಸಿದಳು. ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿ, ಹಳೆಯದನ್ನು ಇದ್ದಂತೆಯೇ ಬಿಡುವ ಕೆಲಸ ಮಾತ್ರ ಉಳಿದಿತ್ತು. ಅದಕ್ಕೆ ಅಂಗಡಿಯವನು ಸೋಮವಾರ ಬರುತ್ತೇನೆಂದಿದ್ದ. ಸೋಮವಾರದವರೆಗೆ ಏಕೆ ಕಾಯಬೇಕು ಎಂದವನು ನಾನು.

"ನಿನಗ ಬರ್ತೈತೇನೋ ತಮ್ಮಾ? ಖರೇ ಹೇಳು," ಎಂದಳು ಅಕ್ಕ.

"ಅದರಾಗೇನೈತಿ? ಸಿ.ಡಿ. ಹಾಕೂದು, ಅದು ಕೇಳಿದ್ದಕ್ಕ ಹೂಂ ಅನ್ನೂದು."

ಒಂದೇ ಡಿಸ್ಕಿದ್ದ ಗೆಳೆಯನ ಕಂಪ್ಯೂಟರಿನಲ್ಲಿ ಒಮ್ಮೆ ಹಾಗೆ ಮಾಡಿದ್ದೆ. ಹೂಂ ಎಂದಿದ್ದೆ, ಆಗಿತ್ತು. ಎರಡು ಡಿಸ್ಕಿದ್ದಾಗ ಯಾವುದಕ್ಕೆ ಹೂಂ ಎನ್ನಬೇಕೆಂಬ ಪ್ರಶ್ನೆ ಏಳುತ್ತದೆಂದು ತಿಳಿದದ್ದು ಡಬ್ಬಿಯ ಮುಂದೆ ಕೂತ ಮೇಲೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಅದೂ ನನ್ನದೇ ಬುದ್ಧಿವಂತಿಕೆ. ಅಂಗಡಿಯಲ್ಲಿ "ಮೊದಲಿನಂಥಾದ್ದ ಕೊಡ್ರಿ" ಎಂದಿದ್ದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ: ಒಂದರ ಮೇಲೆ ಮೂರು ಗೆರೆ ವಿಭೂತಿ ಇತ್ತು, ಇನ್ನೊಂದು ಬೋಳಾಗಿತ್ತು. ನಾನು ತರ್ಕಿಸಿದೆ. ನಮ್ಮ ಜನ ಪೂಜೆ ಮಾಡುವುದು ಹೊಸದಕ್ಕೆ. ಬೈರಿದೇವರಕೊಪ್ಪದ ರಸ್ತೆಯಲ್ಲಿ ಹೊಸ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುವುದನ್ನು ಎಷ್ಟು ಸಲ ನೋಡಿಲ್ಲ! ಆದ್ದರಿಂದ ವಿಭೂತಿ ಇದ್ದದ್ದು ಹೊಸದು. ಮುಂಜಾಗ್ರತೆಗೆಂದು ಬೋಳು ಡಿಸ್ಕಿನ ವಯರು ಕಿತ್ತಿಟ್ಟೆ. ಆ ಮುಂಜಾಗ್ರತೆಯ ಬಗ್ಗೆ ನನಗಾದ ಹೆಮ್ಮೆ ಮಾತ್ರ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ನೀಲಿ ಪರದೆಯಲ್ಲಿ ಆ ಡಿಸ್ಕಿನೊಳಗೆ ಆಗಲೇ ಏನೋ ಇದೆ ಎಂದು ಕಂಡಾಗ, ಅಂಗಡಿಯವನು ಪರೀಕ್ಷೆಗೆಂದು ಹಾಕಿರಬೇಕು ಎಂದುಕೊಂಡು ಮುಂದುವರಿದೆ.

"ವಿಭೂತಿ ಹಚ್ಚಿದ್ದನ್ನ ಮುಟ್ಟಬ್ಯಾಡೋ" ಎಂದು ಅಡುಗೆಮನೆಯಿಂದ ಕೂಗಿ ಹೇಳಿದ್ದೆ ಎನ್ನುತ್ತಾಳೆ ಅಕ್ಕ. ಆಗ ಮಿಕ್ಸರ್ ತಿರುಗುತ್ತಿತ್ತು, ಏನೂ ಕೇಳಿಸಲಿಲ್ಲ ಎಂಬುದು ನನ್ನ ನೆನಪು. ಆ ವಾರವೆಲ್ಲ ಮಿಕ್ಸರ್ ರಿಪೇರಿಗೆ ಹೋಗಿತ್ತೆಂಬುದು ಅವಳ ನೆನಪು.

ಒಂದು ತಾಸಿನಲ್ಲಿ ಎಲ್ಲ ಸಾಂಗವಾಗಿ ಮುಗಿಯಿತು. ಪರದೆಯ ಮೇಲೆ ಹೊಸ ವಿಂಡೋಸಿನ ಹಸಿರು ಗುಡ್ಡದ ಚಿತ್ರ ಬಂತು. ಕಿತ್ತಿಟ್ಟ ವಯರನ್ನು ಮತ್ತೆ ಚುಚ್ಚಿ, ಗತ್ತಿನಿಂದ ಅಕ್ಕನನ್ನು ಕರೆದೆ. ಅವಳು ಎರಡನ್ನೂ ತೆರೆದು ನೋಡಿದಳು.

"ಮೇಟಿ ಸರ್ ಅವರದು ಎಲ್ಲೈತೋ?"

"ಹಳೇ ಡಿಸ್ಕಿನ್ಯಾಗ ಇರ್ತೈತಿ, ನೋಡು."

"ಯಾವುದು ಹಳೇದು?"

"ವಿಭೂತಿ ಇಲ್ಲದ್ದು."

ಅಕ್ಕ ಮೌಸು ಬಿಟ್ಟು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಸಣ್ಣ ದನಿಯಲ್ಲಿ ಕೇಳಿದಳು: "ಖಂಡೇ ಪೂಜಿ ದಿನ ಮೂರು ವರ್ಷ ದುಡದದ್ದಕ್ಕ ವಿಭೂತಿ ಹಚ್ತಾರೋ, ನಿನ್ನೆ ಬಂದು ಕುಂತದ್ದಕ್ಕ ಹಚ್ತಾರೋ?"

ಸಂಜೆ ಮೇಟಿ ಸರ್ ಬಂದರು. ಅಕ್ಕ ಮೊದಲು ಚಹಾ ಕೊಟ್ಟು, ಆಮೇಲೆ ವಿಷಯ ಹೇಳಿದಳು. "ತಪ್ಪು ನಂದ ರೀ ಸರ್. ಇನ್ನೊಂದು ಕಾಪಿ ಇಡಬೇಕಿತ್ತು, ಇಡಲಿಲ್ಲ," ಎಂದಳು. ನಾನು ಅಲ್ಲೇ ಚುರಮುರಿ ತಿನ್ನುತ್ತಿದ್ದೆ. ಬಾಯಿ ತುಂಬಿದ್ದರಿಂದ ಮಾತಾಡಲಿಲ್ಲ ಎಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೇನೆ. ಮೇಟಿ ಸರ್ ಕಪ್ಪು ಕೆಳಗಿಟ್ಟರು. ನಗಲು ನೋಡಿದರು: "ಹನ್ನೊಂದು ವರ್ಷದಾಗ ನನ್ನ ಕೈಲೆ ಮುಗೀಲಿಲ್ಲ ನೋಡ್ರಿ ಅಕ್ಕಾರ, ಇವರು ಒಂದ ತಾಸಿನ್ಯಾಗ ಮುಗಿಸಿಬಿಟ್ರು." ಆಮೇಲೆ ನನ್ನ ಕಡೆ ತಿರುಗಿ, "ಅಲ್ರಿ, ಅಳಸೂ ಮುಂದ ಅದು ಏನೂ ಕೇಳೂದಿಲ್ಲೇನು?" ಎಂದರು.

"ಇಲ್ರಿ ಸರ್. ಏನೂ ಕೇಳಲಿಲ್ಲ. ಸೀದಾ ಅಳಿಸಿಬಿಡ್ತು."

ದಾಖಲೆ ಇಲ್ಲದೆ ಒಂದು ಸಾಲನ್ನೂ ಬರೆಯದ ಆ ಇತಿಹಾಸಕಾರರು ನನ್ನ ಮಾತನ್ನು ಹಾಗೆಯೇ ನಂಬಿದರು. "ಮಷೀನಿಗೆ ಏನ್ ತಿಳೀತೈತಿ ಬಿಡ್ರಿ, ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ನನ್ನನ್ನೇ ಸಮಾಧಾನಪಡಿಸಿದರು.

ಮರುದಿನದಿಂದ ಅವರು ರಜೆ ಹಾಕಿ, ಬೆಳಗಿನ ಬಸ್ಸಿಗೇ ಬಂದು ಕೂತರು. ಅವರು ಓದುವುದು, ಅಕ್ಕ ಟೈಪು ಮಾಡುವುದು. ತಿದ್ದಿದ ಜಾಗ ಬಂದಾಗ ಕಣ್ಣು ಮುಚ್ಚಿ, ಏನು ಬರೆಸಿದ್ದೆನೆಂದು ನೆನಪಿಸಿಕೊಳ್ಳುತ್ತಿದ್ದರು. ನನಗೆ ಚಹಾ ಮಾಡುವ ಕೆಲಸ ಸಿಕ್ಕಿತು, ಅದೂ ಲೋಟಗಳನ್ನು ಬಾಗಿಲ ಹೊರಗೇ ಇಟ್ಟು ಹೋಗಬೇಕೆಂಬ ಷರತ್ತಿನ ಮೇಲೆ. ನಾಲ್ಕನೆಯ ದಿನಕ್ಕೆ ಅಕ್ಕನ ಮಣಿಕಟ್ಟು ಬಾತು, ಬಟ್ಟೆ ಸುತ್ತಿಕೊಂಡಳು. ಹನ್ನೆರಡನೆಯ ದಿನ, ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಪ್ರಬಂಧ ಸಲ್ಲಿಕೆಯಾಯಿತು. ಕೊನೆಯ ಅಧ್ಯಾಯ ಮಾತ್ರ ಮೊದಲಿನಂತೆ ಬರಲಿಲ್ಲ. "ಅದು ಛಲೋ ಇತ್ತು" ಎಂದು ಡಾಕ್ಟರ್ ಮೇಟಿಯವರು ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ, ಅಕ್ಕನ ಹೆಸರಿನ ಕೆಳಗೆ, ತಾಂತ್ರಿಕ ನೆರವಿಗಾಗಿ ನನ್ನ ಹೆಸರೂ ಇದೆ. ಅದನ್ನು ವ್ಯಂಗ್ಯವೆಂದು ತಿಳಿದಿದ್ದರೆ ಸಹಿಸಬಹುದಿತ್ತು. ಆದರೆ ಮೇಟಿ ಸರ್ ಅವರಿಗೆ ವ್ಯಂಗ್ಯ ಬರುವುದಿಲ್ಲ.

ಕೆಲವು ವರ್ಷಗಳ ನಂತರ ನಮ್ಮ ಆಫೀಸಿನಲ್ಲಿ ಗುಜರಿಗೆ ತೆಗೆದಿಟ್ಟ ಕಂಪ್ಯೂಟರೊಂದನ್ನು ಕೇಳಿ ಪಡೆದು, ಅದೇ ಸಿ.ಡಿ. ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಕೂತು ಪರೀಕ್ಷಿಸಿದೆ. ಮಿಕ್ಸರಿನ ವಿಷಯ ಇನ್ನು ಇತ್ಯರ್ಥವಾಗುವಂಥದ್ದಲ್ಲ. ಆದರೆ ಇಷ್ಟು ಖಚಿತ: ಖಾಲಿ ಡಿಸ್ಕಿನಲ್ಲಿ ಏನನ್ನೂ ಅಳಿಸಬೇಕಾಗಿಯೇ ಇಲ್ಲ. ಒಳಗೆ ಏನಾದರೂ ಇದ್ದರೆ ಮೊದಲು ಡಿ ಕೀಲಿ ಒತ್ತಬೇಕು. ಆಗ, ಇದರಲ್ಲಿರುವುದೆಲ್ಲ ಹೋಗುತ್ತದೆ ಎಂದು ಪರದೆ ಎಚ್ಚರಿಸಿ, ಹೌದಾದರೆ ಎಲ್ ಒತ್ತು, ಬೇಡವಾದರೆ ಹಿಂದೆ ಹೋಗು ಎಂದು ಹೇಳಿ, ನಾವು ಒತ್ತುವವರೆಗೆ ಸುಮ್ಮನೆ ಕಾಯುತ್ತದೆ. ಡಿ ಇರುವುದು ಎಡಗೈ ಬೆರಳ ಕೆಳಗೆ, ಎಲ್ ಇರುವುದು ಬಲಗೈ ಬೆರಳ ಕೆಳಗೆ. ಅಂದರೆ ಅದು ಕೇಳಿತ್ತು; ನಾನೇ ಎರಡೂ ಕೈಯಿಂದ ಹೂಂ ಅಂದಿದ್ದೆ.